ಸ್ಕ್ಯಾನ್ ಮಾಡಿದ ದಾಖಲೆಗಳ ಸುರಕ್ಷತೆ: ಬ್ಯಾಕಪ್ ತಂತ್ರಾಂಶದ ಸುಧಾರಿತ ಆಯ್ಕೆಗಳು

ಕೋಲಾರ ಚಿನ್ನದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟಿತು. ಕೆ.ಜಿ.ಎಫ್. ಹಾಗೂ ಬಂಗಾರಪೇಟೆಯ ಮಾಜಿ ಗಣಿ ನೌಕರರ ಸೇವಾ ದಾಖಲೆಗಳು ಕಳೆದುಹೋದಲ್ಲಿ ಮತ್ತೆ ಪಡೆಯುವುದು ಕಷ್ಟಸಾಧ್ಯ. ಇವುಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸಿರುವ ಅರ್ಜಿದಾರರು ಬ್ಯಾಕಪ್ ತಂತ್ರಾಂಶವನ್ನು ಈ ಕೆಳಕಂಡಂತೆ ಹೊಂದಿಸಿಕೊಳ್ಳುವುದು ಸೂಕ್ತ.

1. ಸ್ಥಳ: ಅದೇ ಹಾರ್ಡ್ ಡಿಸ್ಕ್ ಕೆಟ್ಟಲ್ಲಿ ಮೂಲ ಕಡತವೂ ಪ್ರತಿಯೂ ನಷ್ಟವಾಗುವುದರಿಂದ ಪ್ರತ್ಯೇಕ ಡಿಸ್ಕನ್ನು ಆಯ್ದುಕೊಳ್ಳತಕ್ಕದ್ದು.

2. ವಿಧಾನ: ಮೊದಲು ಪೂರ್ಣ ಪ್ರತಿ, ಅನಂತರ ಬದಲಾದ ಕಡತಗಳು ಮಾತ್ರ. ಹಳೆಯ ಆವೃತ್ತಿಗಳನ್ನು ಉಳಿಸಿದಲ್ಲಿ ತಪ್ಪಾಗಿ ತಿದ್ದಿದ ಕಡತವನ್ನೂ ಮರಳಿ ಪಡೆಯಬಹುದು.

3. ಗೂಢಲಿಪೀಕರಣ: ಪಾಸ್‌ವರ್ಡ್ ಮರೆತಲ್ಲಿ ಪ್ರತಿಯು ತೆರೆಯುವುದಿಲ್ಲ, ಅದನ್ನು ಬರೆದು ಬೇರೆಡೆ ಇರಿಸತಕ್ಕದ್ದು.

4. ಪರಿಶೀಲನೆ: ಒಂದು ಕಡತವನ್ನಾದರೂ ಮರಳಿ ಪಡೆದು, ತೆರೆದು ನೋಡುವವರೆಗೆ ಪ್ರತಿಯು ಸುರಕ್ಷಿತವೆಂದು ಭಾವಿಸಬಾರದು.

ಸೂಚನೆ: ಸ್ಕ್ಯಾನ್ ಪ್ರತಿಯು ಮೂಲ ದಾಖಲೆಗೆ ಪರ್ಯಾಯವಲ್ಲ. ಮೂಲವನ್ನು ತಪ್ಪದೇ ಕಾಪಾಡಿಕೊಳ್ಳತಕ್ಕದ್ದು.