ಚಿಂಚಿಲ್ಲಾ ಪ್ರಾಣಿಗೆ ಹಿತವಾದ ಆಹಾರ

ನಾಲಿಗೆಗೆ ರುಚಿಯಾದುದೆಲ್ಲವೂ ದೇಹಕ್ಕೆ ಹಿತವೆಂದು ಮಕ್ಕಳು ಭಾವಿಸುವರು. ಸಾಕಿದ ಪ್ರಾಣಿಗಳ ವಿಷಯದಲ್ಲಿ ದೊಡ್ಡವರೂ ಅನೇಕ ವೇಳೆ ಹಾಗೆಯೇ ಭಾವಿಸಿ, ತಾವು ತಿನ್ನುವ ತಿಂಡಿಯನ್ನೇ ಅವುಗಳಿಗೂ ಪ್ರೀತಿಯಿಂದ ನೀಡುವುದುಂಟು. ಇಂತಹ ಪ್ರೀತಿಯು ಎಷ್ಟು ಅಪಾಯಕರವಾಗಬಲ್ಲುದೆಂಬುದಕ್ಕೆ ಚಿಂಚಿಲ್ಲಾ ಎಂಬ ಪುಟ್ಟ ಪ್ರಾಣಿಯು ಒಳ್ಳೆಯ ನಿದರ್ಶನವಾಗಿದೆ.

ಚಿಂಚಿಲ್ಲಾ ನಮ್ಮ ಇಲಿ ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದುದು. ತೂಕವು ಸಾಮಾನ್ಯವಾಗಿ 400ರಿಂದ 600 ಗ್ರಾಂ. ಮೈಮೇಲೆ ಬಹು ದಟ್ಟವಾದ ಮೃದು ರೋಮ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯೇ ಇದರ ತವರು. ತುಪ್ಪಳದ ಆಸೆಗೆ ಬೇಟೆಗಾರರು ಈ ಕುಲವನ್ನೇ ಅಳಿಸುವಂತಾದಾಗ, 1910ರಲ್ಲಿ ಚಿಲಿ, ಪೆರು, ಬೊಲಿವಿಯ, ಅರ್ಜೆಂಟೀನ ದೇಶಗಳು ಬೇಟೆಯನ್ನು ತಡೆಯಲು ಒಪ್ಪಂದ ಮಾಡಿಕೊಂಡವು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರು ಹತ್ತು ಹನ್ನೆರಡು ಚಿಂಚಿಲ್ಲಾಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಕ್ಕೆ ಕೊಂಡೊಯ್ದನು. ಇಂದು ಅಮೆರಿಕದ ಮನೆಗಳಲ್ಲಿ ಬೆಳೆಯುವ ಚಿಂಚಿಲ್ಲಾಗಳಲ್ಲಿ ಬಹುಪಾಲು ಅವುಗಳ ಸಂತತಿಯೇ.

ಆ ಬೆಟ್ಟಗಳ ಒಣ ಇಳಿಜಾರಿನಲ್ಲಿ ದೊರೆಯುವುದು ಒರಟು ಹುಲ್ಲು, ಕುರುಚಲು ಗಿಡಗಳ ಎಲೆ, ತೊಗಟೆ, ಅಷ್ಟಿಷ್ಟು ಬೀಜ. ಈ ಬಡ ಊಟಕ್ಕೆ ಒಗ್ಗುವಂತೆಯೇ ಅದರ ಶರೀರವು ರಚಿತವಾಗಿದೆ. ಅದರ 20 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುವುವು. ಮುಂದಿನ ಹಲ್ಲುಗಳು ವರ್ಷಕ್ಕೆ ಎರಡು ಮೂರು ಅಂಗುಲ ಬೆಳೆಯುವುದುಂಟು. ಒರಟಾದ ನಾರನ್ನು ಬಹಳ ಹೊತ್ತು ಅಗಿದರೆ ಮಾತ್ರ ಅವು ಸವೆದು ಹದದಲ್ಲಿರುವುವು. ನಾರನ್ನು ಅರಗಿಸುವ ಕೆಲಸವು ದೊಡ್ಡಕರುಳಿನ ಮೊದಲಲ್ಲಿರುವ ಚೀಲದಂತಹ ಭಾಗದಲ್ಲಿ, ಸೂಕ್ಷ್ಮಜೀವಿಗಳ ನೆರವಿನಿಂದ ನಡೆಯುವುದು. ಅಲ್ಲಿ ಸಿದ್ಧವಾದ ಮೆತ್ತನೆಯ ಹಿಕ್ಕೆಯನ್ನು ಪ್ರಾಣಿಯು ಮರಳಿ ತಿಂದು ಅದರ ಸಾರವನ್ನು ಪಡೆಯುತ್ತದೆ. ನೋಡುವವರಿಗೆ ಅಸಹ್ಯವೆನಿಸಿದರೂ ಇದು ರೋಗವಲ್ಲ. ಆರೋಗ್ಯದ ನಿಯಮವೇ ಹೌದು.

ಆದುದರಿಂದ ಒಣಹುಲ್ಲೇ ಚಿಂಚಿಲ್ಲಾದ ಮುಖ್ಯ ಆಹಾರ. ತಿಮೋತಿ ಮೊದಲಾದ ಹುಲ್ಲುಗಳು ಹಗಲಿರುಳೂ ಅದರ ಮುಂದಿರತಕ್ಕದ್ದು. ಹುಲ್ಲು ಹಸುರು ಬಣ್ಣವುಳ್ಳದ್ದಾಗಿ, ಸುವಾಸನೆಯುಳ್ಳದ್ದಾಗಿ ಇರಬೇಕು. ಬೂಷ್ಟು ಹಿಡಿದುದನ್ನು ಎಸೆಯಬೇಕು. ಕುದುರೆಮಸಾಲೆ ಸೊಪ್ಪಿನಲ್ಲಿ ಸುಣ್ಣದಂಶವು ಹೆಚ್ಚು. ಬೆಳೆದ ಪ್ರಾಣಿಗೆ ಅದನ್ನೇ ನಿತ್ಯವೂ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಭಯವುಂಟು. ಮರಿಗಳಿಗೂ ಗರ್ಭಿಣಿಗೂ ಬಾಣಂತಿಗೂ ಅದು ಸಲ್ಲುವುದು. ಚಿಂಚಿಲ್ಲಾಗಳಿಗೆಂದೇ ತಯಾರಾದ ನಾರಿನ ಗುಳಿಗೆಗಳು ದಿನಕ್ಕೆ ಒಂದೆರಡು ದೊಡ್ಡ ಚಮಚೆಯಷ್ಟಿದ್ದರೆ ಸಾಕು. ಸಂಜೆಯಾದ ಮೇಲೆ ಚುರುಕಾಗುವ ಪ್ರಾಣಿಯಾದುದರಿಂದ ಅವನ್ನು ಸಂಜೆ ನೀಡುವುದು ಒಳ್ಳೆಯದು. ಶುದ್ಧವಾದ ನೀರನ್ನು ದಿನವೂ ಬದಲಾಯಿಸಬೇಕು. ಕಡಿಯಲು ಔಷಧ ಸಿಂಪಡಿಸದ ಸೇಬಿನ ಮರದ ಕಡ್ಡಿಯನ್ನು ಕೊಡಬಹುದು.

ಇನ್ನು ಅಪಾಯದ ಮಾತು. ಒಣದ್ರಾಕ್ಷಿಯನ್ನು ತೋರಿಸಿದೊಡನೆ ಚಿಂಚಿಲ್ಲಾ ಓಡಿ ಬಂದು, ಮುಂಗಾಲುಗಳಿಂದ ಹಿಡಿದು, ಕುಳಿತು ತಿನ್ನುವ ಅಂದವನ್ನು ಕಂಡವರು ಇನ್ನೊಂದನ್ನು ಕೊಡದೆ ಇರಲಾರರು. ಆದರೆ ಹಣ್ಣಿನ ಸಕ್ಕರೆಯು ಅದರ ಕರುಳಿನಲ್ಲಿ ಹುಳಿತು ವಾಯುವನ್ನುಂಟುಮಾಡುವುದು; ಈ ಪ್ರಾಣಿಗೆ ವಾಂತಿಯಾಗುವ ಶಕ್ತಿಯಿಲ್ಲವಾದ್ದರಿಂದ ಹೊಟ್ಟೆಯುಬ್ಬರವು ಪ್ರಾಣಾಂತಿಕವಾಗಬಹುದು. ಬಾದಾಮಿ, ಕಡಲೆಬೀಜಗಳ ಎಣ್ಣೆಯಂಶವೂ ಅದಕ್ಕೆ ಒಗ್ಗದು. ಇವೆಲ್ಲಕ್ಕಿಂತ ದೊಡ್ಡ ಕೆಡುಕೆಂದರೆ, ರುಚಿಗೆ ಸೋತ ಪ್ರಾಣಿಯು ಹುಲ್ಲನ್ನು ಬಿಡುವುದು; ಹುಲ್ಲು ಬಿಟ್ಟೊಡನೆ ಹಲ್ಲು ಮಿತಿಮೀರಿ ಬೆಳೆದು ಬಾಯಿಗೆ ಚುಚ್ಚುವುದು; ಕೊನೆಗೆ ತಿನ್ನುವ ಆಸೆಯಿದ್ದರೂ ತಿನ್ನಲಾರದಂತಾಗುವುದು.

ಆಹಾರವನ್ನು ಬದಲಿಸಬೇಕಾದರೆ ಹಳೆಯದರಲ್ಲಿ ಹೊಸದನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ವಾರ ಹತ್ತು ದಿನಗಳಲ್ಲಿ ಮುಗಿಸಬೇಕು. ಚಾಪ್‌ಮನ್ನನೂ ತನ್ನ ಪ್ರಾಣಿಗಳನ್ನು ಬೆಟ್ಟದಿಂದ ಒಮ್ಮೆಲೇ ಇಳಿಸದೆ, ಅವುಗಳ ದೇಹವು ಒಗ್ಗುವಂತೆ ನಿಧಾನವಾಗಿ ಕೆಳಕ್ಕೆ ತಂದನು. ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಉತ್ತಮ ರೂಢಿ. ತೂಕವಿಳಿಯುವುದು, ಜೊಲ್ಲು ಸುರಿದು ಗದ್ದ ಒದ್ದೆಯಾಗುವುದು, ಹಿಕ್ಕೆಗಳು ಚಿಕ್ಕವಾಗುವುದು ಅಥವಾ ಕಡಿಮೆಯಾಗುವುದು, ಇವು ರೋಗದ ಕುರುಹುಗಳು. ಒಂದು ದಿನ ಮೇವು ಬಿಟ್ಟರೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಒಳ್ಳೆಯ ಆರೈಕೆಯಲ್ಲಿ ಚಿಂಚಿಲ್ಲಾ ಹತ್ತು ವರ್ಷಗಳಿಗೂ ಮೀರಿ, ಕೆಲವೊಮ್ಮೆ ಇಪ್ಪತ್ತು ವರ್ಷಗಳವರೆಗೂ ಬಾಳುವುದು. ಎಂದರೆ, ಪುಟ್ಟ ಬಾಲಕಿಯೊಬ್ಬಳು ಇಂದು ತಂದ ಮರಿಯು ಅವಳು ಪ್ರೌಢಳಾಗುವ ತನಕವೂ ಜತೆಗಿರಬಲ್ಲುದು. ಅಂತಹ ಮಗುವಿಗೆ ತಾಯಿತಂದೆಗಳು ಮೊದಲು ಕಲಿಸಬೇಕಾದ ಪಾಠವೊಂದುಂಟು: ನಮಗೆ ಕೊಡಲು ಇಷ್ಟವಾದುದನ್ನಲ್ಲ, ಪಡೆಯುವ ಜೀವಕ್ಕೆ ತಕ್ಕುದನ್ನು ಕೊಡುವುದೇ ನಿಜವಾದ ವಾತ್ಸಲ್ಯ. ಚಿಂಚಿಲ್ಲಾಕ್ಕೆ ಒಂದು ಹಿಡಿ ಒಣಹುಲ್ಲೇ ಮೃಷ್ಟಾನ್ನ.