ಬಡಿದು ಬಿಡುವ ಸುತ್ತಿಗೆ

ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯವನ್ನು ನುಡಿಸುವವನು ಎಂತಹ ಪ್ರತಿಭಾಶಾಲಿಯೇ ಆಗಿರಲಿ, ಕೀಲಿಯನ್ನು ಮೃದುವಾಗಿ ಮುಟ್ಟಿದರೂ ಬಲವಾಗಿ ಒತ್ತಿದರೂ ಒಳಗಿನ ಗರಿಯ ದಂಟು ತಂತಿಯನ್ನು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಮೀಟುತ್ತಿದ್ದುದರಿಂದ, ಅವನ ಬೆರಳಿನ ಭಾವವು ನಾದಕ್ಕಿಳಿಯಲು ಮಾರ್ಗವೇ ಇರಲಿಲ್ಲ. ಕ್ಲಾವಿಕಾರ್ಡ್ ಎಂಬ ಇನ್ನೊಂದು ವಾದ್ಯವು ಬೆರಳಿನ ಸೂಕ್ಷ್ಮಕ್ಕೆ ಓಗೊಡುತ್ತಿತ್ತು, ನಿಜ. ಆದರೆ ಅದರ ಧ್ವನಿ ಕೊಠಡಿಯ ಹೊಸ್ತಿಲನ್ನು ದಾಟದಷ್ಟು ಕ್ಷೀಣ. ಈ ಕೊರತೆಯನ್ನು ನೀಗಿದವನು, ಇಟಲಿಯ ಪಾದುವಾ ನಗರದಲ್ಲಿ 1655ರಲ್ಲಿ ಜನಿಸಿ, 1688ರಿಂದ ಫ್ಲಾರೆನ್ಸಿನ ರಾಜಕುಮಾರ ಫರ್ಡಿನಾಂಡೊ ಮೆಡಿಚಿಯ ಆಶ್ರಯದಲ್ಲಿ ವಾದ್ಯಗಳ ನಿರ್ಮಾಣಕ್ಕೂ ರಕ್ಷಣೆಗೂ ನಿಯುಕ್ತನಾಗಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಮೆಲುದನಿ ಬಲುದನಿಗಳೆರಡನ್ನೂ ನುಡಿಯುವ ಅವನ ಹೊಸ ವಾದ್ಯದ, ಅಂದರೆ ಪಿಯಾನೊದ, ಉಲ್ಲೇಖವು 1700ರ ಅರಮನೆಯ ಪಟ್ಟಿಯಲ್ಲಿ ದೊರೆಯುತ್ತದೆ.

ಮೀಟುವ ಗರಿಯ ಸ್ಥಾನದಲ್ಲಿ ಬಡಿಯುವ ಸುತ್ತಿಗೆಯನ್ನಿಟ್ಟನೆಂದಷ್ಟೇ ಹೇಳಿದರೆ ಅವನಿಗೆ ಅನ್ಯಾಯವಾದೀತು. ಕೋಲಿನಿಂದ ತಂತಿಯನ್ನು ಬಡಿದು ನುಡಿಸುವ ವಾದ್ಯಗಳು ಮೊದಲೇ ಇದ್ದವು. ಕಷ್ಟವಿದ್ದುದು ಬಡಿಯುವುದರಲ್ಲಲ್ಲ, ಬಿಡುವುದರಲ್ಲಿ. ತಂತಿಗೆ ಒತ್ತಿ ನಿಂತ ಸುತ್ತಿಗೆಯು ತಾನೆಬ್ಬಿಸಿದ ನಾದವನ್ನು ತಾನೇ ಅಡಗಿಸಿಬಿಡುತ್ತದೆ. ಆದುದರಿಂದ ಕ್ರಿಸ್ತೊಫೊರಿಯು, ಬೆರಳು ಕೀಲಿಯ ಮೇಲೆಯೇ ಇದ್ದರೂ ಸುತ್ತಿಗೆಯನ್ನು ನೂಕುವ ಸನ್ನೆಯು ಕೊನೆಯ ಗಳಿಗೆಯಲ್ಲಿ ಜಾರಿ, ಸುತ್ತಿಗೆ ತನ್ನ ವೇಗದಿಂದಲೇ ಹಾರಿ ತಂತಿಯನ್ನು ತಾಕಿ ಹಿಂದಕ್ಕೆ ಬೀಳುವಂತೆಯೂ, ಬಿದ್ದುದು ಪುಟಿದು ಮರಳಿ ಬಡಿಯದಂತೆಯೂ, ಬೆರಳೆತ್ತಿದೊಡನೆ ಮೆತ್ತೆಯೊಂದು ತಂತಿಯ ಮೇಲಿಳಿದು ನಾದವು ಶಮಿಸುವಂತೆಯೂ ಯಂತ್ರವನ್ನು ಹೂಡಿದನು. ಉಳಿದುಬಂದಿರುವ ಅವನ ಮೂರು ಪಿಯಾನೊಗಳು ಈಗ ನ್ಯೂಯಾರ್ಕ್, ರೋಮ್ ಹಾಗೂ ಲೈಪ್‌ಜಿಗ್‌ಗಳಲ್ಲಿವೆ. ಲೈಪ್‌ಜಿಗ್ಗಿನ 1726ರ ವಾದ್ಯದಲ್ಲಿ ಸುತ್ತಿಗೆಯ ತಲೆಯೆಂದರೆ ಸುರುಳಿ ಸುತ್ತಿದ ಕಾಗದ, ಅದರ ಮೇಲೊಂದು ಚರ್ಮದ ತುಣುಕು. ಪ್ರಥಮ ಪ್ರಯತ್ನಗಳು ಒರಟಾಗಿರುವುದೇ ಲೋಕದ ರೂಢಿ. ಇಲ್ಲಿ ಮಾತ್ರ ಮೊದಲಿಗನೇ ಪರಿಪಕ್ವ, ಹಿಂದೆ ಬಂದವರಲ್ಲಿ ಹಲವರು ಅವನಿಗಿಂತ ಒರಟರು.

ಹುಟ್ಟಿದ ನಾಡು ಈ ವಾದ್ಯವನ್ನು ಅಷ್ಟಾಗಿ ಆದರಿಸಲಿಲ್ಲ. 1711ರಲ್ಲಿ ಅದರ ಕುರಿತು ಸಿಪಿಯೋನೆ ಮಾಫೆಯಿ ಬರೆದ ಸಚಿತ್ರ ಲೇಖನವು 1725ರಲ್ಲಿ ಜರ್ಮನ್ ಭಾಷೆಗೆ ಬಂದ ತರುವಾಯ, ಗಾಟ್‌ಫ್ರೀಡ್ ಸಿಲ್ಬರ್‌ಮನ್ ಜರ್ಮನಿಯಲ್ಲಿ ಪಿಯಾನೊ ಕಟ್ಟತೊಡಗಿದನು. ತಾರಸ್ವರಗಳು ದುರ್ಬಲ, ಕೀಲಿಗಳು ಭಾರವೆಂದು ಆಕ್ಷೇಪಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಮೇಲೆ ಅವನು ಮುನಿಸಿಕೊಂಡನಂತೆ. ಆದರೂ ತಿದ್ದುವುದನ್ನು ಬಿಡಲಿಲ್ಲ, ಕಡೆಗೆ ಬಾಖ್‌ನ ಮೆಚ್ಚುಗೆಯನ್ನೂ ಪಡೆದನು. ಲಂಡನ್ನಿನಲ್ಲಿ 1760ರ ದಶಕದಲ್ಲಿ ಯೋಹಾನೆಸ್ ತ್ಸುಂಪೆಯ ಚೌಕಾಕಾರದ ಅಗ್ಗದ ಪಿಯಾನೊಗಳು ಮಧ್ಯಮವರ್ಗದ ಮನೆಗಳನ್ನು ಹೊಕ್ಕವು. ಸುತ್ತಿಗೆಯನ್ನು ಬಿಡಿಸುವ ಆ ಕುಶಲಯುಕ್ತಿಯನ್ನು ಕೈಬಿಟ್ಟೇ ಅವು ಅಗ್ಗವಾಗಿದ್ದವು. 1777ರಲ್ಲಿ ಔಗ್ಸ್‌ಬುರ್ಗ್‌ನಿಂದ ತಂದೆಗೆ ಬರೆದ ಪತ್ರದಲ್ಲಿ, ಯೋಹಾನ್ ಆಂಡ್ರಿಯಾಸ್ ಸ್ಟೈನನ ಪಿಯಾನೊಗಳಲ್ಲಿ ಅಂತಹ ಯುಕ್ತಿಯಿರುವುದನ್ನು ಕಂಡು ಹಿಗ್ಗಿದ ಮೊಟ್ಸಾರ್ಟ್, ನೂರು ಮಂದಿ ನಿರ್ಮಾಪಕರಲ್ಲಿ ಒಬ್ಬನೂ ಅದರ ಗೊಡವೆಗೆ ಹೋಗುವುದಿಲ್ಲವೆಂದು ದೂರಿದ್ದಾನೆ.