ಮುತ್ತತ್ತಿ ಪಕ್ಕ ಹೋಂಸ್ಟೇ: ಯಾವುದು ಮನೆ, ಯಾವುದು ರೆಸಾರ್ಟು?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸದೆ ಕೊಟ್ಟಿದ್ದೇವೆ.

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋ ನಿಮಗೆ ಒಂದು ಪ್ರಶ್ನೆ. ಶುಕ್ರವಾರ ಸಂಜೆ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಯಾರೋ ಒಬ್ಬರು 'ಮಗಾ, ಈ ವೀಕೆಂಡ್ ಮುತ್ತತ್ತಿ?' ಅಂತ ಹಾಕ್ತಾರೆ. ಜತೆಗೆ ಒಂದು ಫೋಟೊ. ನದಿ, ಟೆಂಟು, ಬೆಂಕಿ. ಕೆಳಗೆ 'ಕಾಡಿನ ನಡುವೆ, ಕಾವೇರಿ ಪಕ್ಕ' ಅನ್ನೋ ಸಾಲು. ಅಡ್ವಾನ್ಸ್ ಕಳಿಸೋಕೆ ಒಂದು ಕ್ಯೂಆರ್ ಕೋಡ್. ಐದು ನಿಮಿಷದಲ್ಲಿ ಬುಕಿಂಗ್ ಮುಗೀತು. ಆದ್ರೆ ಆ ಜಾಗ ಬಾಡಿಗೆಗೆ ಕೊಡೋಕೆ ಅವರಿಗೆ ಅನುಮತಿ ಇದೆಯಾ? ಯಾರಾದ್ರೂ ಕೇಳಿದ್ರಾ?

ಇವತ್ತಿನ ಸಂಚಿಕೆ ಇದರ ಬಗ್ಗೆ. ಬುಕ್ ಮಾಡೋರಿಗೂ ಉಪಯೋಗ ಆಗುತ್ತೆ, ಊರಲ್ಲಿರೋ ಮನೆಯ ಎರಡು ರೂಮನ್ನ ಬಾಡಿಗೆಗೆ ಬಿಡೋ ಯೋಚನೆ ಇರೋರಿಗೂ ಉಪಯೋಗ ಆಗುತ್ತೆ.

ಮೊದಲು ಜಾಗ ಅರ್ಥ ಮಾಡ್ಕೊಳ್ಳೋಣ

ಮುತ್ತತ್ತಿ ಇರೋದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಕನಕಪುರ, ಸಾತನೂರು ಮೇಲೆ ಹೋದ್ರೆ ಸುಮಾರು 100 ಕಿಲೋಮೀಟರ್. ಮಂಡ್ಯ, ಮದ್ದೂರು ಕಡೆಯವರು ಹಲಗೂರು ಮೇಲೆ ಬರ್ತಾರೆ. ಮುತ್ತತ್ತಿರಾಯ ಅಂತ ಕರೆಯೋ ಆಂಜನೇಯನ ದೇವಸ್ಥಾನ ಇಲ್ಲಿದೆ. ಸೀತಮ್ಮ ನೀರಲ್ಲಿ ಕಳ್ಕೊಂಡ ಮೂಗುತಿಯ ಮುತ್ತನ್ನ ಹನುಮಂತ ಎತ್ತಿಕೊಟ್ಟ, ಅದಕ್ಕೇ ಮುತ್ತೆತ್ತಿ, ಮುತ್ತತ್ತಿ ಅನ್ನೋದು ಊರಿನ ಕಥೆ. ಡಾ. ರಾಜ್‌ಕುಮಾರ್ ಅವರ ಮೊದಲ ಹೆಸರು ಮುತ್ತುರಾಜ. ಅದು ಇದೇ ದೇವರ ಹೆಸರು.

ಅಂದ್ರೆ ಇದು ಪಿಕ್‌ನಿಕ್ ಜಾಗ ಆಗೋ ಮುಂಚೆಯೇ ಹರಕೆ ಹೊತ್ತು ಜನ ಬರ್ತಿದ್ದ ಜಾಗ. ಅದರ ಜತೆಗೆ ಇದು ಕಾವೇರಿ ವನ್ಯಜೀವಿ ಅಭಯಾರಣ್ಯದ ಜಾಗವೂ ಹೌದು. 1987ರಲ್ಲಿ ಘೋಷಣೆಯಾದ ಈ ಅಭಯಾರಣ್ಯ, ಆಮೇಲೆ ವಿಸ್ತರಣೆ ಆಗಿ ಈಗ ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡದಾಗಿದೆ. ಮಂಡ್ಯ, ಚಾಮರಾಜನಗರ, ಹಿಂದೆ ರಾಮನಗರ ಅಂತಿದ್ದ ಬೆಂಗಳೂರು ದಕ್ಷಿಣ ಜಿಲ್ಲೆ, ಮೂರಕ್ಕೂ ಹಬ್ಬಿದೆ. ಆನೆಗಳು ಓಡಾಡೋ ಕಾಡು ಇದು.

ನಗರದಲ್ಲಿ ಒಂದು ಫ್ಲ್ಯಾಟನ್ನ ದಿನದ ಬಾಡಿಗೆಗೆ ಬಿಡೋದಕ್ಕೂ ಇಲ್ಲಿ ಒಂದು ರೂಮು ಬಿಡೋದಕ್ಕೂ ಇರೋ ವ್ಯತ್ಯಾಸ ಇದೇ. ಇಲ್ಲಿ ನಿಮ್ಮ ಗೋಡೆಯ ಆಚೆ ಕಡೆ ಪಕ್ಕದ ಮನೆಯವರು ಇರೋದಿಲ್ಲ, ಆನೆ ಇರಬಹುದು.

ಮೂರು ಪಟ್ಟಿ, ಮೂರು ನಿಯಮ

ಸುಲಭವಾಗಿ ನೆನಪಿಟ್ಟುಕೊಳ್ಳೋಕೆ ಈ ಪ್ರದೇಶವನ್ನ ಮೂರು ಪಟ್ಟಿ ಮಾಡ್ಕೊಳ್ಳಿ. ಕಾಡಿನ ಒಳಗೆ, ಕಾಡಿನ ಅಂಚು, ಅಂಚಿನಾಚೆಯ ಊರು.

ಮೊದಲನೇದು ಕಾಡಿನ ಒಳಗೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತೆ. ಇದರ 27ನೇ ಕಲಂ ಪ್ರಕಾರ ಅಭಯಾರಣ್ಯದ ಒಳಗೆ ಯಾರು ಬೇಕಾದ್ರೂ ಹೋಗಿ ಉಳಿಯೋ ಹಾಗಿಲ್ಲ. ಒಳಗೆ ಜಮೀನು, ಮನೆ ಹಕ್ಕು ಇರೋರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗೋರು, ಇಲಾಖೆಯ ಅನುಮತಿ ಪಡೆದವರು, ಇಂಥವರಿಗೆ ಮಾತ್ರ ಅವಕಾಶ. 33ನೇ ಕಲಂ ಇನ್ನೂ ಬಿಗಿ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಇಲ್ಲದೆ ಅಭಯಾರಣ್ಯದ ಒಳಗೆ ವಾಣಿಜ್ಯ ವಸತಿಗೃಹ, ಹೋಟೆಲ್ ಕಟ್ಟೋ ಹಾಗೇ ಇಲ್ಲ. 2022ರ ತಿದ್ದುಪಡಿ ಆದ್ಮೇಲೆ ಇದು ಸರ್ಕಾರಿ ವಸತಿಗೃಹಕ್ಕೂ ಅನ್ವಯ. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಭೀಮೇಶ್ವರಿ ಕ್ಯಾಂಪ್ ಇಲ್ಲೇ ಹತ್ತಿರದಲ್ಲಿದೆ, ಹಾಗಂತ ಯಾರು ಬೇಕಾದ್ರೂ ಪಕ್ಕದಲ್ಲಿ ಟೆಂಟ್ ಹಾಕಬಹುದು ಅಂತ ಅರ್ಥ ಅಲ್ಲ.

ಎರಡನೇದು ಕಾಡಿನ ಅಂಚು. ಅಭಯಾರಣ್ಯದ ಗಡಿಯಾಚೆ 'ಪರಿಸರ ಸೂಕ್ಷ್ಮ ವಲಯ' ಅಂತ ಗುರುತು ಮಾಡ್ತಾರೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಇಂಥ ವಲಯ ಇರಲೇಬೇಕು ಅಂದಿತ್ತು. ಊರುಗಳಿಗೆ ಆಗೋ ತೊಂದರೆ ನೋಡಿ 2023ರ ಏಪ್ರಿಲ್‌ನಲ್ಲಿ ಅದನ್ನ ಸಡಿಲ ಮಾಡಿ, ಆಯಾ ಕಾಡಿನ ಅಧಿಸೂಚನೆ ಪ್ರಕಾರ ನಡೀಲಿ ಅಂತ ಹೇಳಿತು.

ಈ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರೋ ಎರಡು ಅಂಶ ಗಮನಿಸಿ. ಒಂದು, ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಹೊಸ ವಾಣಿಜ್ಯ ಹೋಟೆಲ್, ರೆಸಾರ್ಟ್ ಬರೋ ಹಾಗಿಲ್ಲ. ಇನ್ನೊಂದು, ಸ್ಥಳೀಯರು ತಮ್ಮ ವಾಸಕ್ಕೆ ಮನೆ ಕಟ್ಟಿಕೊಳ್ಳಬಹುದು, ಪ್ರವಾಸಿಗರಿಗೆ ನೆರವಾಗೋ ಸಣ್ಣ ವ್ಯವಸ್ಥೆಗಳಲ್ಲಿ ಹೋಂಸ್ಟೇ ಕೂಡ ಸೇರಿದೆ. ನೋಡಿ, ಕಾನೂನು ರೆಸಾರ್ಟಿಗೆ ಬೇಡ ಅಂದ ಜಾಗದಲ್ಲೇ ಹೋಂಸ್ಟೇಗೆ ಬಾಗಿಲು ತೆರೆದಿದೆ. ಯಾಕೆ? ಇವತ್ತಿನ ಸಂಚಿಕೆಯ ಮುಖ್ಯ ವಿಷಯ ಅದು. ಈಗಲೇ ಬರ್ತೀನಿ.

ಮೂರನೇದು ಅಂಚಿನಾಚೆಯ ಊರು. ಇಲ್ಲಿ ಕಂದಾಯ ಇಲಾಖೆ, ಗ್ರಾಮ ಪಂಚಾಯಿತಿ ನಿಯಮ. ಗ್ರಾಮಠಾಣಾದಲ್ಲಿರೋ ಮನೆ ಆದ್ರೆ ಇ-ಸ್ವತ್ತು ದಾಖಲೆ ಸರಿ ಇರಬೇಕು. ಜಮೀನಲ್ಲಿ ಕಟ್ಟಿರೋ ತೋಟದ ಮನೆ ಆದ್ರೆ ಸ್ವಲ್ಪ ಹುಷಾರು. ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತ ತನ್ನ ಹಿಡುವಳಿಯ ಶೇ 10ರಷ್ಟು ಜಾಗದ ಒಳಗೆ ಕೃಷಿಗಾಗಿ ತೋಟದ ಮನೆ ಕಟ್ಟಬಹುದು. ಅದೇ ಜಮೀನಲ್ಲಿ ಸಾಲಾಗಿ ಕಾಟೇಜ್ ಕಟ್ಟಿ ದಿನದ ಬಾಡಿಗೆಗೆ ಬಿಟ್ರೆ ಅದು ಕೃಷಿ ಅಲ್ಲ. ಭೂಪರಿವರ್ತನೆ ಆಗಬೇಕು. ನಮ್ಮ ಕಡೆ ಜನ 'ಅಲಿನೇಷನ್ ಮಾಡಿಸೋದು' ಅಂತಾರಲ್ಲ, ಅದೇ.

ಹಾಗಾದ್ರೆ ಹೋಂಸ್ಟೇ ಅಂದ್ರೆ ಏನು?

ಒಂದು ಉದಾಹರಣೆ ತಗೊಳ್ಳೋಣ. ಇದು ಊಹೆ ಅಷ್ಟೇ, ಆದ್ರೆ ಎಷ್ಟೋ ಮನೇಲಿ ನಡೆದಿರೋ ಮಾತು. ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗ ಹಬ್ಬಕ್ಕೆ ಹಲಗೂರು ಕಡೆಯ ತನ್ನೂರಿಗೆ ಬಂದಿದ್ದಾನೆ. 'ಚಿಕ್ಕಪ್ಪ, ಮೇಲಿನ ಎರಡು ರೂಮು ಸುಮ್ನೆ ಬಿದ್ದವಲ್ಲ. ಆ್ಯಪ್‌ಗೆ ಹಾಕ್ಬುಡನ. ಕೀ ಬಾಕ್ಸ್ ಇಟ್ರೆ ಸಾಕು, ನೀನು ತಲೆನೇ ಕೆಡಿಸ್ಕೋಬೇಡ' ಅಂತಾನೆ. ಚಿಕ್ಕಪ್ಪ ಕೇಳ್ತಾರೆ: 'ಅಲ್ಲ ಕಣ್ಲಾ ಮಗ, ಬಂದೋರು ಯಾರು, ಎತ್ತ ಅಂತ ನೋಡೋರು ಯಾರ್ಲಾ?'

ಚಿಕ್ಕಪ್ಪನ ಪ್ರಶ್ನೆಯಲ್ಲೇ ಇಡೀ ನಿಯಮ ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಎರಡು ಮೂಲ ಷರತ್ತು. ಮಾಲೀಕರು ಅಥವಾ ಅವರ ಕುಟುಂಬ ಆ ಮನೇಲೇ ವಾಸ ಇರಬೇಕು. ಬಾಡಿಗೆಗೆ ಕೊಡೋ ಕೋಣೆ ಒಂದರಿಂದ ಆರರ ಒಳಗಿರಬೇಕು. ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆ ನೋಂದಣಿಯ ಹಿಂದಿರೋದೂ ಇದೇ ಯೋಚನೆ. ಕೆಲವೇ ಕೋಣೆ, ಮನೆಯವರ ಜತೆ ಊಟ, ಮನೆಯವರ ಜವಾಬ್ದಾರಿ.

ಮನೆಯವರು ಇದ್ದಾಗ ಏನಾಗುತ್ತೆ? ರಾತ್ರಿ ಆನೆ ಬಂದ ಸುದ್ದಿ ಅವರಿಗೆ ಫೋನಲ್ಲಿ ಬರುತ್ತೆ, ನಿಮಗೆ ಹೇಳ್ತಾರೆ. ನದಿಯ ಯಾವ ಕಡೆ ಸುಳಿ ಇದೆ ಅಂತ ಗೊತ್ತಿರುತ್ತೆ. ಜೋರಾಗಿ ಸ್ಪೀಕರ್ ಹಾಕಿದ್ರೆ ಅಕ್ಕಪಕ್ಕದವರು ಬೈಯ್ಯೋದು ಅವರನ್ನೇ, ಅದಕ್ಕೆ ಅವರೇ ನಿಲ್ಲಿಸ್ತಾರೆ. ಕೀ ಬಾಕ್ಸ್ ಇದ್ಯಾವುದನ್ನೂ ಮಾಡಲ್ಲ.

ಇದು ನಮ್ಮ ಊರಿನ ಮಾತು ಮಾತ್ರ ಅಲ್ಲ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಜಾರಿ ಮಾಡಿರೋ ನಿಯಮ ನೋಡಿ. 30 ದಿನಕ್ಕಿಂತ ಕಮ್ಮಿ ಅವಧಿಗೆ ಮನೆ ಕೊಡೋರು ನಗರಾಡಳಿತದಲ್ಲಿ ನೋಂದಣಿ ಮಾಡಿಸಬೇಕು, ತಾವೂ ಅದೇ ಮನೇಲಿ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿ ಇರೋ ಹಾಗಿಲ್ಲ. ಅಲ್ಲಿಯ ಚಿಂತೆ ಬಾಡಿಗೆ ಮನೆಗಳ ಕೊರತೆ, ಇಲ್ಲಿಯ ಚಿಂತೆ ಕಾಡು ಮತ್ತು ನದಿ. ಆದ್ರೆ ಎರಡೂ ಕಡೆ ಕೇಳೋ ಪ್ರಶ್ನೆ ಒಂದೇ: ಈ ಮನೇಲಿ ಯಾರಾದ್ರೂ ಇದ್ದಾರಾ?

ನಿಯಮ ಮುರಿದ್ರೆ ಏನಾಗುತ್ತೆ?

ನಮ್ಮ ಗಡಿಯ ಆಚೆಯ ನೀಲಗಿರಿ ಇದಕ್ಕೆ ಪಾಠ. ಮಸಿನಗುಡಿ ಸುತ್ತಲಿನ ಸೀಗೂರು ಆನೆ ಕಾರಿಡಾರ್‌ನಲ್ಲಿ ರೆಸಾರ್ಟ್‌ಗಳು ಎದ್ದವು. ಮದ್ರಾಸ್ ಹೈಕೋರ್ಟ್ 2011ರಲ್ಲಿ ಕಾರಿಡಾರ್ ತೆರವು ಮಾಡಿ ಅಂತ ಹೇಳಿತು, 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಮೂರೇ ತಿಂಗಳಲ್ಲಿ, 2021ರ ಜನವರಿಯಲ್ಲಿ, ಅದೇ ಮಸಿನಗುಡಿಯಲ್ಲಿ ಒಂದು ವಸತಿ ತಾಣದ ಹತ್ತಿರ ಬಂದ ಆನೆ ಮೇಲೆ ಉರಿಯೋ ಟೈರ್ ಎಸೆದ ವಿಡಿಯೊ ಹೊರಬಂತು. ಆ ಆನೆ ಬದುಕಲಿಲ್ಲ. ಅದೇ ತಿಂಗಳು ವಯನಾಡಿನ ಮೇಪ್ಪಾಡಿಯಲ್ಲಿ ಟೆಂಟಲ್ಲಿ ತಂಗಿದ್ದ ಯುವತಿ ಆನೆ ದಾಳಿಗೆ ಬಲಿಯಾದರು.

ನಮ್ಮ ರಾಜ್ಯದ್ದು ಕೇಳಿ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಹತ್ತಿರ, ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರು ಮತ್ತು ಅವರ ಜತೆಗಿದ್ದ ಹೋಂಸ್ಟೇ ನಡೆಸುವ ಮಹಿಳೆ ಮೇಲೆ ದಾಳಿ ಆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೀತು. ಕಾಲುವೆಗೆ ತಳ್ಳಲಾಗಿದ್ದ ಪ್ರವಾಸಿಗರೊಬ್ಬರು ಪ್ರಾಣ ಕಳ್ಕೊಂಡರು. ಆಮೇಲೆ ರಾಜ್ಯದಲ್ಲಿ ಬಂದ ಸೂಚನೆ ಏನಂದ್ರೆ, ಹೋಂಸ್ಟೇ, ರೆಸಾರ್ಟ್‌ನವರು ಅತಿಥಿಗಳನ್ನ ನಿರ್ಜನ ಜಾಗಕ್ಕೋ ಕಾಡಿನ ಕಡೆಗೋ ಕರ್ಕೊಂಡು ಹೋಗೋ ಮುಂಚೆ ಪೊಲೀಸ್ ಮತ್ತು ಅರಣ್ಯ ಇಲಾಖೆ ಅನುಮತಿ ಪಡೀಬೇಕು.

ಮುತ್ತತ್ತಿಯಲ್ಲಿ ಜಾಸ್ತಿ ಜೀವ ಹೋಗಿರೋದು ನೀರಿಂದ. ದಡದಲ್ಲಿ ಶಾಂತವಾಗಿ ಕಾಣೋ ನದಿ ಒಳಗೆ ಬಂಡೆ, ಗುಂಡಿ, ಸುಳಿ. ಮೇಲೆ ಕೆಆರ್‌ಎಸ್‌ನಿಂದ ನೀರು ಬಿಟ್ರೆ ಹರಿವು ಏರುತ್ತೆ. ಈಜು ಬರೋರೂ ಇಲ್ಲಿ ಮುಳುಗಿದ್ದಾರೆ. ಹೊಸ ವರ್ಷದ ಹೊತ್ತಿಗೆ ಮಂಡ್ಯ ಜಿಲ್ಲಾಡಳಿತ ಬಲಮುರಿ, ಎಡಮುರಿ, ಮುತ್ತತ್ತಿಯಂಥ ನದಿ ಜಾಗಗಳಿಗೆ ಪ್ರವೇಶ ನಿರ್ಬಂಧ ಹಾಕೋದು ಇದಕ್ಕೇ. ಡಿಸೆಂಬರ್ 31ಕ್ಕೆ 'ನದಿ ದಡದ ಪಾರ್ಟಿ' ಅಂತ ಯಾರಾದ್ರೂ ಅಡ್ವಾನ್ಸ್ ಕೇಳಿದ್ರೆ, ಮೊದಲು ಜಿಲ್ಲಾಡಳಿತದ ಆದೇಶ ನೋಡಿ.

ಮನೆ ಕೊಡೋರಿಗೆ

ಚಿಕ್ಕಪ್ಪನ ಮನೆ ಮೂರನೇ ಪಟ್ಟಿಯಲ್ಲಿದೆ, ಅವರು ಅಲ್ಲೇ ಇರ್ತಾರೆ ಅಂತ ಇಟ್ಕೊಳ್ಳಿ. ಮಾಡಬೇಕಾದ್ದು ಇಷ್ಟು.

ಒಂದು, ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಸರ್ವೆ ನಂಬರ್ ತಗೊಂಡು ಹೋಗಿ, ಜಾಗ ಗಡಿಯಿಂದ ಎಷ್ಟು ದೂರ ಅಂತ ಕೇಳಿ. ಇದಾಗದೆ ಮುಂದಿನದ್ದಕ್ಕೆ ದುಡ್ಡು ಹಾಕಬೇಡಿ.

ಎರಡು, ಪಂಚಾಯಿತಿ ದಾಖಲೆ ಸರಿ ಮಾಡ್ಕೊಂಡು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಗೆ ಅರ್ಜಿ ಹಾಕಿ. ಆ್ಯಪ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಪರವಾನಗಿ ಸಿಕ್ಕ ಹಾಗಲ್ಲ.

ಮೂರು, ಬಂದವರ ಹೆಸರು, ಗುರುತಿನ ಚೀಟಿ, ಬಂದ ಹೋದ ಸಮಯ, ಎಲ್ಲಾ ಪುಸ್ತಕದಲ್ಲಿ ಬರೀಬೇಕು. ವಿದೇಶಿಯರು ಬಂದ್ರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು.

ನಾಲ್ಕು, ಅಡುಗೆ ಮಾಡಿ ಬಡಿಸಿದ್ರೆ ಆಹಾರ ಸುರಕ್ಷತಾ ನೋಂದಣಿ ಬೇಕು. ಅಬಕಾರಿ ಪರವಾನಗಿ ಇಲ್ಲದೆ ಮದ್ಯ ಮಾರೋ ಹಾಗಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ.

ಐದು, ತೆರಿಗೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆಗ ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ತೆರಿಗೆ ಕಟ್ಟೋ ಹೊಣೆ ಆ್ಯಪ್ ಕಂಪನಿಯದ್ದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ತೆರಿಗೆ ಶೇ 5.

ಇಷ್ಟೊಂದು ಓಡಾಟನಾ ಅನ್ನಿಸಬಹುದು. ಆನೆ, ಹಂದಿ ಕಾಟಕ್ಕೆ ಅರ್ಧ ಬೆಳೆ ಕಳ್ಕೊಳ್ಳೋ ರೈತನಿಗೆ ಎರಡು ರೂಮಿನ ಬಾಡಿಗೆ ಸಣ್ಣ ಆಸರೆ ಅಲ್ಲ. ಆದ್ರೆ ಅನುಮತಿ ಇಲ್ಲದ ಹತ್ತು ಟೆಂಟ್ ಪಕ್ಕದಲ್ಲಿ ಎದ್ದು, ಒಂದು ಅನಾಹುತ ಆದ್ರೆ, ಬಾಗಿಲು ಮುಚ್ಚೋದು ಎಲ್ಲರದ್ದೂ. ಸರಿಯಾಗಿ ನಡೆಸೋ ಚಿಕ್ಕಪ್ಪನದ್ದೂ ಸೇರಿ.

ಬುಕ್ ಮಾಡೋರಿಗೆ

ದುಡ್ಡು ಕಳಿಸೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಪ್ರವಾಸೋದ್ಯಮ ಇಲಾಖೆ ನೋಂದಣಿ ಸಂಖ್ಯೆ ಎಷ್ಟು? ಮನೆಯವರು ಅಲ್ಲೇ ಇರ್ತಾರಾ? ಜಾಗ ಅಭಯಾರಣ್ಯದ ಒಳಗಾ, ಹೊರಗಾ? ಬಿಲ್ ಕೊಡ್ತೀರಾ?

'ನದಿಗೆ ಇಳಿಯೋಕೆ ಏನೂ ತೊಂದ್ರೆ ಇಲ್ಲ, ರಾತ್ರಿ ಕಾಡಿಗೂ ಕರ್ಕೊಂಡು ಹೋಗ್ತೀವಿ' ಅಂತ ಯಾರಾದ್ರೂ ಹೇಳಿದ್ರೆ, ಅದು ಆಫರ್ ಅಲ್ಲ, ಎಚ್ಚರಿಕೆ ಅಂತ ತಿಳ್ಕೊಳ್ಳಿ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಸಿಕ್ಕಿಬಿದ್ರೆ ಕೇಸು ಕರ್ಕೊಂಡು ಹೋದವರ ಮೇಲಷ್ಟೇ ಅಲ್ಲ, ನಿಮ್ಮ ಮೇಲೂ ಆಗಬಹುದು. ವನ್ಯಜೀವಿ ಕಾಯ್ದೆ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಮುತ್ತತ್ತಿಗೆ ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ಬೆಳಗ್ಗೆ ಹೋಗಿ, ಮುತ್ತತ್ತಿರಾಯನಿಗೆ ಕೈ ಮುಗೀರಿ, ದಡದಲ್ಲಿ ಕೂತು ನದಿ ನೋಡಿ, ಕತ್ತಲಾಗೋ ಮುಂಚೆ ಕಾಡು ದಾಟಿ ಬನ್ನಿ. ಉಳೀಬೇಕು ಅಂದ್ರೆ ಚಿಕ್ಕಪ್ಪನಂಥವರು ಇರೋ ಮನೆ ಹುಡುಕಿ. 'ಯಾರಪ್ಪಾ ನೀವು, ಯಾವೂರು, ಊಟ ಆಯ್ತಾ?' ಅಂತ ಕೇಳೋರು ಇರೋ ಮನೆ. ಆ ಪ್ರಶ್ನೆ ಕೇಳೋರು ಇದ್ರೆ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು.

ನಿಮ್ಮ ಊರಲ್ಲಿ ಹೋಂಸ್ಟೇ ನೋಂದಣಿ ಬಗ್ಗೆ ಪ್ರಶ್ನೆ ಇದ್ರೆ ನಮಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡ್ತೀವಿ. ಈ ಸಂಚಿಕೆಯನ್ನ ಆ ವೀಕೆಂಡ್ ಗ್ರೂಪಿಗೂ ಒಂದು ಸಲ ಫಾರ್ವರ್ಡ್ ಮಾಡಿ.